ಬಂಡೀಪುರಕ್ಕೆ ಹಗಲಿನಲ್ಲೇ ತಲುಪಿ

ಅಮ್ಮನಿಗೆ ಮಂಡಿನೋವು. ಅದಕ್ಕೇ ಗುತ್ತೂರಿನಿಂದ ಬಂಡೀಪುರಕ್ಕೆ ಬಾಡಿಗೆ ಕಾರಿನಲ್ಲಿ ಹೊರಟೆವು. ಅಲ್ಲಲ್ಲಿ ನಿಂತು ಗುಂಡ್ಲುಪೇಟೆ ದಾಟುವಾಗ ರಾತ್ರಿ ಒಂಬತ್ತು ಮೀರಿತ್ತು. ಅರಣ್ಯದ ಗೇಟು ಮುಚ್ಚಿತ್ತು. 2009ರಿಂದ ಅಲ್ಲಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಅಮ್ಮ ಗೊಣಗಿದರು. ಅಷ್ಟರಲ್ಲಿ ಆಂಬುಲೆನ್ಸೊಂದು ಬಂತು, ಗೇಟು ತೆರೆಯಿತು. ರೋಗಿಗಾಗಿ ದುಆ ಮಾಡಿದ ಅಮ್ಮ, "ಅವರಿಗೆ ದಾರಿ ಸಿಕ್ಕಿತಲ್ಲ, ಸಾಕು. ನಮಗೇನು ಅವಸರ? ರಾತ್ರಿಯಾದರೂ ಆ ಮೂಕಪ್ರಾಣಿಗಳಿಗಿರಲಿ" ಎಂದರು. ಗುಂಡ್ಲುಪೇಟೆಗೆ ಮರಳಿ ತಂಗಿದೆವು.

ಸಹೋದರಿಯರೇ, ನೀವು ಹರಿಹರದಿಂದ ಮೈಸೂರಿಗೆ ರೈಲಿನಲ್ಲಿ ಹೋಗಿ. ಅಲ್ಲಿಂದ ಬಂಡೀಪುರ ಸುಮಾರು 80 ಕಿ.ಮೀ.; ನಂಜನಗೂಡು, ಗುಂಡ್ಲುಪೇಟೆ ಮಾರ್ಗವಾಗಿ ಊಟಿಗೆ ಹೋಗುವ ಬಸ್ಸು ಸಿಗುತ್ತದೆ. ಸಫಾರಿಗೆ ಸ್ವಂತ ವಾಹನ ಬಿಡುವುದಿಲ್ಲ. ಸಫಾರಿ ಇದೆಯೇ ಎಂದು ಮೊದಲೇ ವಿಚಾರಿಸಿಕೊಂಡು ಹೊರಡಿ.