ಗಾಡಿ ಕವಲಂದೆಯಲ್ಲಿ, ಕೆಲಸ ಮೈಸೂರಿನಲ್ಲಿ

ಕವಲಂದೆ ರೈಲು ನಿಲ್ದಾಣದ ಹೊರಗೆ ನಿಂತಿದ್ದೀರಿ. ಬಿಸಿಲು ಇನ್ನೂ ಏರಿಲ್ಲ. ಸುತ್ತಲ ಹಳ್ಳಿಗಳಿಂದ ಬೈಕುಗಳು ಒಂದೊಂದಾಗಿ ಬಂದು ನೆರಳು ಹಿಡಿಯುತ್ತಿವೆ. ಟಿವಿಎಸ್ ಎಕ್ಸ್‌ಎಲ್‌ನಲ್ಲಿ ಬಂದ ಒಬ್ಬರು ಹ್ಯಾಂಡಲ್ ಲಾಕ್ ಮಾಡಿ, ಬುತ್ತಿ ಚೀಲ ಹೆಗಲಿಗೇರಿಸಿ, ನಾಲ್ಕು ಹೆಜ್ಜೆ ಹೋದವರು ತಿರುಗಿ ಗಾಡಿಯತ್ತ ನೋಡುತ್ತಾರೆ. ಸಂಜೆವರೆಗೂ ಅದು ಕಣ್ಣಿಗೆ ಬೀಳದು.

ಮೈಸೂರಿಗೆ ಇಲ್ಲಿಂದ ನಲವತ್ತು ಕಿಲೋಮೀಟರ್ ಆಸುಪಾಸು. ಗಾಡಿಯಲ್ಲೇ ಹೋಗಬಹುದಲ್ಲ ಎಂದು ಕೇಳಿದಿರಿ.

“ಹೋಗ್ಬೋದು ಕಣಣ್ಣ, ನಿಲ್ಸೋದೆಲ್ಲಿ? ಅರಸು ರೋಡಲ್ಲಿ ಜಾಗ ಹುಡುಕೋದೇ ಒಂದು ಕೆಲ್ಸ ಆಯ್ತದೆ. ಪೆಟ್ರೋಲು ಬೇರೆ.”

ಚಾಮರಾಜನಗರದ ಕಡೆಯಿಂದ ರೈಲು ಬಂತು. ಹತ್ತಿ, ಬಾಗಿಲ ಹತ್ತಿರವೇ ನಿಲ್ಲಿ. ನರಸಾಂಬುಧಿ, ಚಿನ್ನದಗುಡಿಹುಂಡಿ ದಾಟಿ ನಂಜನಗೂಡು. ಅಲ್ಲಿ ಹತ್ತುವ ಜನರ ನಡುವೆ ಕಾಲೂರಲು ಜಾಗ ಸಿಕ್ಕರೆ ಪುಣ್ಯ. ಕಪಿಲೆ ದಾಟುವಾಗ ಪಕ್ಕದಲ್ಲಿ ಹಳೆಯ ಸೇತುವೆ ಕಾಣುತ್ತದೆ: ದಳವಾಯಿ ದೇವರಾಜಯ್ಯ 1735ರಲ್ಲಿ ಕಟ್ಟಿಸಿದ್ದು, ಮೀಟರ್‌ಗೇಜ್ ಕಾಲದ ರೈಲೂ ರಸ್ತೆಯ ಗಾಡಿಗಳೂ ಅದರ ಮೇಲೆಯೇ ಓಡಾಡಿದ್ದವು. ತಾಂಡವಪುರ, ಕಡಕೊಳದಲ್ಲಿ ಕಾರ್ಖಾನೆಯವರು ಇಳಿದುಹೋದ ಮೇಲೆ ಉಸಿರಾಡಲು ಜಾಗವಾಗುತ್ತದೆ.

ನಿಮ್ಮ ಪಕ್ಕದಲ್ಲೇ ನಿಂತ ಆ ಮನುಷ್ಯನ ಕೈ ಮೊಬೈಲಿನಲ್ಲಿದೆ. ನೋಡುತ್ತಿರುವುದು ಸಂಜೆಯ ರೈಲಿನ ಹೊತ್ತು. “ಓಟಿ ಬಿದ್ದ ದಿನ ಗಾಡೀಲೇ ಹೋಗ್ಬುಡ್ತೀನಿ. ರೈಲು ತಪ್ಪೋದ್ರೆ ಬಸ್ಸಲ್ಲಿ ಬರ್ಬೋದು, ಆದ್ರೆ ಸ್ಟೇಷನ್ನಲ್ಲಿ ಬುಟ್ಟಿರೋ ಗಾಡಿ ಗತಿ?”

ಗಾಡಿ ಬಿಟ್ಟು ಬರಲು ನಮ್ಮ ಜನಕ್ಕೆ ಮನಸ್ಸಿಲ್ಲ ಎಂಬ ದೂರನ್ನು ನಾನು ಒಪ್ಪುವುದಿಲ್ಲ. ಆಷಾಢ ಶುಕ್ರವಾರ ಮೈಸೂರಿನ ಲಲಿತಮಹಲ್ ಹೆಲಿಪ್ಯಾಡ್ ಮೈದಾನಕ್ಕೆ ಹೋಗಿ ನೋಡಿ. ಬೆಟ್ಟಕ್ಕೆ ಖಾಸಗಿ ವಾಹನ ಬಿಡುವುದಿಲ್ಲ. ಕಾರು ಅಲ್ಲೇ ನಿಲ್ಲಿಸಿ ಸಾರಿಗೆ ಬಸ್ಸಿನಲ್ಲಿ ಚಾಮುಂಡಿ ದರ್ಶನಕ್ಕೆ ಹೋಗಬೇಕು. ಒಂದು ಬಸ್ಸಿನ ಹಿಂದೆ ಇನ್ನೊಂದು ನಿಂತಿರುವುದರಿಂದ ಹೋಗುತ್ತಾರೆ, ಬರುತ್ತಾರೆ. ಬೆಂಗಳೂರಿನ ನಾಗಸಂದ್ರದಲ್ಲಿ ಗಾಡಿ ನಿಲ್ಲಿಸಿ ಮೆಟ್ರೊ ಹತ್ತುವವರಿಗೂ ಇದೇ ಧೈರ್ಯ: ಒಂದು ತಪ್ಪಿದರೆ ಕೆಲವೇ ನಿಮಿಷಗಳಲ್ಲಿ ಮತ್ತೊಂದು. ಕವಲಂದೆಯವರಿಗೆ ಒಂದು ತಪ್ಪಿದರೆ ಮುಂದಿನದಕ್ಕೆ ಗಂಟೆಗಟ್ಟಲೆ ಕಾಯಬೇಕು. ಮೈಸೂರಿನಿಂದ ಚಾಮರಾಜನಗರದವರೆಗಿನ ಈ 61 ಕಿಲೋಮೀಟರ್ ದಾರಿಯಲ್ಲಿ ರಾತ್ರಿ ಹೊತ್ತಿಗೆ ಇನ್ನೊಂದು ರೈಲು ಓಡಲಿ. ಹಳ್ಳಿ ನಿಲ್ದಾಣಗಳಲ್ಲಿ ದೀಪವಿರುವ, ಕಾವಲಿರುವ ಒಂದೊಂದು ಶೆಡ್ ಆಗಲಿ. ನಗರದೊಳಗೆ ಬಹುಮಹಡಿ ಪಾರ್ಕಿಂಗ್ ಕಟ್ಟುವ ಖರ್ಚಿನ ಮುಂದೆ ಆ ಶೆಡ್ಡಿನ ಖರ್ಚು ಎಷ್ಟು?

ಅಶೋಕಪುರಂ ಆಯಿತು. ಚಾಮರಾಜಪುರಂನಲ್ಲಿ ಫೈಲು ಹಿಡಿದವರು ಕೋರ್ಟಿಗೆ ಇಳಿದರು. ಅಲ್ಲಿಂದ ನಡೆದೇ ಹೋಗಬಹುದು. ನಿಮ್ಮವರು ಮೈಸೂರಿನಲ್ಲಿ ಇಳಿದು ಅರಸು ರಸ್ತೆಯ ಕಡೆ ಹೊರಟರು. ಅಂಗಡಿಯವರು ಇವತ್ತು ಓಟಿ ಹೇಳಿಲ್ಲ.