ಹಾಳುಬಿದ್ದ ಬೀದಿಯ ಚುಕ್ಕಿ ಮನೆ

ಅಮೆರಿಕದ ಡೆಟ್ರಾಯಿಟ್ ಒಂದು ಕಾಲಕ್ಕೆ ಕಾರುಗಳ ತವರು. ಫೋರ್ಡ್, ಜನರಲ್ ಮೋಟಾರ್ಸ್, ಕ್ರೈಸ್ಲರ್ ಕಾರ್ಖಾನೆಗಳನ್ನು ನಂಬಿ ಬಂದವರಿಂದ 1950ರಲ್ಲಿ ಅಲ್ಲಿನ ಜನಸಂಖ್ಯೆ 18 ಲಕ್ಷ ದಾಟಿತ್ತು. 2010ರ ಜನಗಣತಿಯ ವೇಳೆಗೆ ಉಳಿದದ್ದು 7 ಲಕ್ಷ ಚಿಲ್ಲರೆ. ಕಾರ್ಖಾನೆಗಳು ಒಂದೊಂದಾಗಿ ಊರು ಬಿಟ್ಟವು. ಬಿಳಿಯರು ಉಪನಗರಗಳತ್ತ ಹೊರಟರು. 1967ರ ಗಲಭೆಯ ಬಳಿಕ ಈ ವಲಸೆ ಮತ್ತಷ್ಟು ಹೆಚ್ಚಿತು. ಹಿಂದೆ ಉಳಿದವು ಪಾಳುಮನೆಗಳು, ಹುಲ್ಲು ಬೆಳೆದ ನಿವೇಶನಗಳು.

ಊರಿನ ಪೂರ್ವಭಾಗದ ಹೈಡೆಲ್‌ಬರ್ಗ್ ಬೀದಿಯ ಪಾಡೂ ಇದೇ. ಅಲ್ಲೇ ಬೆಳೆದ ಕರಿಯ ಕಲಾವಿದ ಟೈರೀ ಗೈಟನ್ 1986ರಲ್ಲಿ ಅಜ್ಜ ಸ್ಯಾಮ್ ಮ್ಯಾಕಿ ಮತ್ತು ಪತ್ನಿ ಕರೆನ್ ಜತೆಗೂಡಿ ಖಾಲಿ ನಿವೇಶನಗಳನ್ನು ಗುಡಿಸತೊಡಗಿದರು. ಸಿಕ್ಕ ಕಸವನ್ನು ಮಾತ್ರ ಎಸೆಯಲಿಲ್ಲ. ಮುರಿದ ಗೊಂಬೆ, ಹಳೆಯ ಬೂಟು, ಕೆಟ್ಟ ಟಿ.ವಿ. ಎಲ್ಲವೂ ಗೋಡೆ, ಮರ, ಬೇಲಿಗಳನ್ನೇರಿದವು. ಕುಟುಂಬದ ಮನೆಯ ಮೈತುಂಬ ಬಣ್ಣಬಣ್ಣದ ಚುಕ್ಕಿಗಳು ಮೂಡಿದವು. ಬೀದಿಯ ಮಕ್ಕಳೂ ಕುಂಚ ಹಿಡಿದರು.

ಕಾರು, ಸ್ವಂತ ಮನೆ, ಮನೆ ತುಂಬ ಸಾಮಾನು ಇದ್ದರೆ ಅದೇ ಸುಖ ಎಂದು ಸಾರಿದ ನಾಡು ಅದು. ಉಪಯೋಗ ತೀರಿದ ವಸ್ತುವನ್ನು ಎಸೆದ ಹಾಗೆ ಒಂದು ಬಡಾವಣೆಯನ್ನೂ ಅಲ್ಲಿನ ಜನರನ್ನೂ ಎಸೆದುಬಿಡಬಹುದೇ? ಆ ಬೀದಿಯಲ್ಲಿ ನಡೆಯುವವರನ್ನು ಕಾಡುವ ಪ್ರಶ್ನೆ ಇದು.

ಆದರೆ ನೆರೆಹೊರೆಯವರೆಲ್ಲ ಮೆಚ್ಚಿದರು ಎನ್ನುವಂತಿಲ್ಲ. ದೂರದಿಂದ ಬಂದವರು ಫೋಟೋ ತೆಗೆದುಕೊಂಡು ಹೋಗುತ್ತಾರೆ. ಕಸದ ರಾಶಿಯ ಎದುರು ದಿನವೂ ಬಾಗಿಲು ತೆರೆಯಬೇಕಾದವರು ತಾವಲ್ಲವೇ ಎಂಬುದು ಕೆಲವರ ದೂರು. ಅದನ್ನೂ ತಳ್ಳಿಹಾಕಲಾಗದು. 1991 ಮತ್ತು 1999ರಲ್ಲಿ ನಗರಾಡಳಿತವೇ ಯಂತ್ರಗಳನ್ನು ಕಳಿಸಿ ಹಲವು ಕೃತಿಗಳನ್ನು ಕೆಡವಿಸಿತು. 2013ರಲ್ಲಿ ನಗರವೇ ದಿವಾಳಿ ಘೋಷಿಸಿಕೊಂಡಿತು. ಅದೇ ವರ್ಷ ಮತ್ತು ಮರುವರ್ಷ ಸರಣಿ ಬೆಂಕಿಗೆ ಹಲವು ಕಲಾಮನೆಗಳು ಬೂದಿಯಾದವು. ಚುಕ್ಕಿ ಮನೆ ಉಳಿಯಿತು.

ಪ್ರತಿ ಬಾರಿಯೂ ಅಳಿದುಳಿದದ್ದನ್ನು ಆಯ್ದು ಗೈಟನ್ ಮತ್ತೆ ಕೆಲಸಕ್ಕಿಳಿದರು. 2016ರಲ್ಲಿ ಮಾತ್ರ, ಈ ಕೃತಿಗಳನ್ನು ತಾವೇ ಹಂತಹಂತವಾಗಿ ಬಿಚ್ಚುವುದಾಗಿ ಪ್ರಕಟಿಸಿದರು. ಮೂವತ್ತು ವರ್ಷ ಕೂಡಿಸಿದ್ದನ್ನು ಬಿಚ್ಚಲು ಮನಸ್ಸು ಗಟ್ಟಿಯಿರಬೇಕು.

ಚಿತ್ರಕಲೆ ಎಂದರೆ ಬಿಡುವಿನ ಹವ್ಯಾಸ, ಓದಿಗೆ ಅಡ್ಡಿ ಎಂದುಕೊಂಡ ಪಾಲಕರು ಈ ಬೀದಿಯ ಕಥೆಯನ್ನು ಮಕ್ಕಳೊಡನೆ ಕುಳಿತು ಓದಬಹುದು. ಕಸ ಯಾವುದು, ಕಲೆ ಯಾವುದು ಎಂಬ ಚರ್ಚೆಯಲ್ಲಿ ಮಕ್ಕಳ ಉತ್ತರ ಬೇರೆಯೇ ಇದ್ದೀತು.