ಪೋಳಿನ ಹವೇಲಿಯಲ್ಲಿ ಎರಡು ರಾತ್ರಿ

ಅಹಮದಾಬಾದಿನ ಹಳೆಯ ಕೋಟೆಯೊಳಗಣ ಕೇರಿಗಳಿಗೆ ಪೋಳ್ ಎಂದು ಹೆಸರು. 1411ರಲ್ಲಿ ಅಹಮದ್ ಷಹನು ಸ್ಥಾಪಿಸಿದ ಈ ನಗರವನ್ನು ಯುನೆಸ್ಕೊ ಸಂಸ್ಥೆಯು 2017ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿಯ ಹವೇಲಿಯೊಂದರಲ್ಲಿ, ಹಾಸಿಗೆಗೂ ಬೆಳಗಿನ ಉಪಾಹಾರಕ್ಕೂ ಇಂತಿಷ್ಟೆಂದು ಹಣ ತೆತ್ತು, ಎರಡು ರಾತ್ರಿ ತಂಗಿದ್ದೆನು.

ತಿಥಿಯನ್ನು ಗೊತ್ತುಮಾಡದೆ ಬರುವವನು ಅತಿಥಿಯೆಂದು ಪಂಡಿತರು ಹೇಳುವರು. ದಿನವನ್ನು ನಿಶ್ಚಯಿಸಿ, ಮುಂಗಡವನ್ನೂ ಕಳುಹಿ ಬಂದವನನ್ನು ಏನೆಂದು ಕರೆಯಬೇಕೋ!

ಮನೆಯ ನಡುವೆ ಬಾನಿಗೆ ತೆರೆದ ಚೌಕ. ನಮ್ಮ ತೊಟ್ಟಿಯ ಮನೆಯೇ ಸರಿ. ಆದರೆ ಆ ನೆಲದಡಿಯಲ್ಲಿ ‘ಟಾಂಕಾ’ ಎಂಬ ನೀರಿನ ಕೊಠಡಿಯುಂಟು. ಮಾಳಿಗೆಯ ಮೇಲೆ ಬಿದ್ದ ಮಳೆನೀರು ಕೊಳವೆಯಿಂದಿಳಿದು ಅದರಲ್ಲಿ ನಿಲ್ಲುವುದು. ಬೆಳಕು ಸೋಂಕದುದರಿಂದ ಪಾಚಿ ಕಟ್ಟದು. ಹಿಂದೆ ವರ್ಷವಿಡೀ ಅದನ್ನೇ ಕುಡಿಯುತ್ತಿದ್ದರಂತೆ. ಇಟ್ಟಿಗೆಯ ಗೋಡೆಗಳ ನಡುವೆ ಮರದ ತೊಲೆಗಳನ್ನು ಹೆಣೆದಿರುವರು. 2001ರ ಭೂಕಂಪದಲ್ಲಿ ನಗರದ ಹೊಸ ಬಹುಮಹಡಿ ಕಟ್ಟಡಗಳು ಹಲವು ಉರುಳಿದಾಗ ಇಂಥ ಮನೆಗಳು ಬಹುಮಟ್ಟಿಗೆ ನಿಂತುವು.

ಬೆಳಗ್ಗೆ ಗೃಹಿಣಿಯು ಥೇಪ್ಲಾ ಬಡಿಸುತ್ತಿದ್ದಾಗ, “ಬಹೆನ್, ಪರರನ್ನು ಮನೆಯೊಳಗೆ ಸೇರಿಸುವುದು ನಿಮಗೆ ಬೇಸರವಲ್ಲವೆ?” ಎಂದು ನನಗೆ ಬಂದಷ್ಟು ಹಿಂದಿಯಲ್ಲಿ ಕೇಳಿದೆನು. ಆಕೆ ಎದುರುಮನೆಯ ಕಡೆಗೆ ಕೈತೋರಿದರು. ಅಲ್ಲಿ ಸಿಮೆಂಟಿನ ಬೋಳು ಗೋಡೆ.

“ಮಾಸ್ಟರ್‌ಜೀ, ಅವರು ಕೆತ್ತನೆಯ ಕಂಬಗಳನ್ನೆಲ್ಲ ಹಳೆಯ ಸಾಮಾನಿನ ವ್ಯಾಪಾರಿಗೆ ಮಾರಿದರು. ಕಂಬ ಒಮ್ಮೆ ಮಾತ್ರ ಹಣ ಕೊಡುತ್ತದೆ. ನಿಮ್ಮಂಥವರು ಕೊಟ್ಟುದರಲ್ಲಿ ಮಳೆಗಾಲಕ್ಕೆ ಮುಂಚೆ ನಾನು ಮಾಳಿಗೆಗೆ ಗಾರೆ ಹಾಕಿಸಬೇಕು” ಎಂದರು, ಸಾಕೆಂದರೂ ಕೇಳದೆ ಇನ್ನೊಂದು ಥೇಪ್ಲಾ ಬಡಿಸಿದರು.